ತಿರುವಿಗೆ ಮುನ್ನವೇ ಎಚ್ಚರ
ಆಗುಂಬೆ ಘಾಟಿಯ 14 ತಿರುವುಗಳಂಥಲ್ಲಿ ಮೋಟಾರ್ ಸೈಕಲ್ ನಡೆಸುವಾಗ ನಾವು ಮಾಡುವ ತಪ್ಪೊಂದುಂಟು: ತಿರುವಿನೊಳಗೆ ನುಗ್ಗಿದ ಮೇಲೆ ಹೆದರಿ ಬ್ರೇಕ್ ಒತ್ತುತ್ತೇವೆ. ವಾಲಿದ ವಾಹನದ ಚಕ್ರ ಜಾರುವುದು ಆಗಲೇ. ವೇಗ ಇಮ್ಮಡಿಯಾದರೆ ಅದೇ ತಿರುವಿಗೆ ನಾಲ್ಮಡಿ ಹಿಡಿತ ಬೇಕು. ಆದ್ದರಿಂದ ವಾಹನ ನೇರವಾಗಿರುವಾಗಲೇ ವೇಗ ತಗ್ಗಿಸಿ, ಗೇರ್ ಇಳಿಸಿ, ಎದುರಿನ ಬಸ್ಸಿಗೆ ಎಡೆಬಿಟ್ಟು ಎಡಬದಿಯಲ್ಲೇ ಸಾಗೋಣ. ಕಣ್ಣು ಹೋದತ್ತ ವಾಹನವೂ ಹೋಗುವುದು. ಕಂದಕವನ್ನಲ್ಲ, ತಿರುವು ಮುಗಿಯುವ ಕಡೆಯನ್ನು ನೋಡೋಣ. ಆಕ್ಸಿಲರೇಟರ್ ಒಂದೇ ಸಮನಾಗಿರಲಿ. ಹಿಂದೆ ಕುಳಿತವರೂ ನಮ್ಮೊಡನೆಯೇ ವಾಲಲಿ. ಮೊದಲು ಊರ ಬಯಲಿನಲ್ಲಿ ನಿಧಾನವಾಗಿ ಅಭ್ಯಾಸ ಮಾಡಿದರೆ ಧೈರ್ಯ ತಾನಾಗಿ ಬರುವುದು. ಅಭ್ಯಾಸವಿಲ್ಲದ ಧೈರ್ಯಕ್ಕೆ ಬೆಲೆ ತೆರಬೇಕಾದವರು ನಾವಷ್ಟೇ ಅಲ್ಲ, ನಮ್ಮನ್ನು ನಂಬಿ ಹಿಂದೆ ಕುಳಿತ ಮಡದಿ ಮಕ್ಕಳೂ ಹೌದು.