ಕಳ್ಳ ಹೋದ ಮೇಲೂ ನಿಲ್ಲದ ಸೀಟಿ

ಸಂಬಂಧ ಕೂಡಿಸುವಾಗ ನಮ್ಮವರು ಮನೆತನ, ಅಂಗಡಿ, ಪೇಟೆಯಲ್ಲಿನ ಪತ್ತು ಎಲ್ಲ ವಿಚಾರಿಸುತ್ತಾರೆ. ಈಚೆಗೆ ಇನ್ನೊಂದು ಪ್ರಶ್ನೆ ಸೇರಿದೆ: "ಹುಡುಗಿ ಅವ್ವಗ ಲೂಪಸ್ ಐತಂತಲ್ಲ, ಮಗಳಿಗೂ ಬರೂದಿಲ್ಲೇನು?" ಭಂಡಾರಕವಠೆಯಲ್ಲೂ ಅಕ್ಕಲಕೋಟೆಯಲ್ಲೂ ಈ ಮಾತು ನಮ್ಮ ಕಿವಿಗೆ ಬಿದ್ದಿದೆ. ಈ ತಿಂಗಳು ಅದನ್ನೇ ಬರೆಯುತ್ತೇವೆ.

ಲೂಪಸ್ ಅಂಟುರೋಗವಲ್ಲ. ಮೈ ಕಾಯುವ ಶಕ್ತಿಯೇ ತಿರುಗಿ ಬಿದ್ದು ಸ್ವಂತ ಚರ್ಮ, ಕೀಲು, ಮೂತ್ರಪಿಂಡಗಳನ್ನು ಹೊಡೆಯುವ ಬೇನೆ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಣ್ಣುಮಕ್ಕಳು. ಬಿಸಿಲಿಗೆ ಕೆನ್ನೆ ಕೆಂಪಾಗುವುದು, ಬೆರಳ ಗಂಟು ನೋವು, ಕೂದಲುದುರುವುದು, ಬಿಡದ ಸಣ್ಣ ಜ್ವರ ಇದರ ಗುರುತುಗಳು. ರೋಗ ಅಪರೂಪದ್ದು, ಕೀಲುನೋವು ಮಾತ್ರ ಮನೆಮನೆಯದು. ನಮ್ಮ ಭೀಮಾ ನದಿಯ ಮೇಲ್ಗಡೆ, ಪುಣೆ ಜಿಲ್ಲೆಯ ಭಿಗವಣದಲ್ಲಿ ಡಾ. ಅರವಿಂದ ಚೋಪ್ರಾ ಅವರ ತಂಡ 1996ರಲ್ಲಿ ಮನೆಮನೆ ಸುತ್ತಲು ತೊಡಗಿತು. ವಯಸ್ಕರಲ್ಲಿ ನೂರಕ್ಕೆ ಸುಮಾರು 18 ಮಂದಿಗೆ ಇಂಥ ನೋವಿತ್ತು. ಇಷ್ಟು ನೋವುಗಳ ಸಂದಣಿಯಲ್ಲಿ ಲೂಪಸ್ ಅಡಗಿ ಕೂರುತ್ತದೆ. ವಾಯು ಎಂದು ಎಣ್ಣೆ ತಿಕ್ಕುತ್ತ ಕುಳಿತರೆ ಒಳಗೆ ಮೂತ್ರಪಿಂಡ ಕೆಡಬಹುದು.

ಆಗುವುದೇನು? ಪೇಟೆಗೆ ಕಳ್ಳ ನುಗ್ಗಿದರೆ ಗೂರ್ಖಾ ಸೀಟಿ ಊದುತ್ತಾನೆ, ಎಲ್ಲರೂ ಬಡಿಗೆ ಹಿಡಿದು ಏಳುತ್ತಾರೆ. ವೈರಸ್ ಹೊಕ್ಕಾಗ ನಮ್ಮ ಜೀವಕೋಶಗಳು ಊದುವ ಸೀಟಿಯೇ ಇಂಟರ್‌ಫೆರಾನ್ ಎಂಬ ಪ್ರೋಟೀನು. ಇದನ್ನು 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಗುರುತಿಸಿದರು. ಲೂಪಸ್ಸಿನಲ್ಲಿ ಕಳ್ಳನಿಲ್ಲದಿದ್ದರೂ ಸೀಟಿ ನಿಲ್ಲುವುದಿಲ್ಲ. ಸತ್ತ ಜೀವಕೋಶಗಳ ಚೂರುಗಳನ್ನೇ ವೈರಸ್ ಎಂದು ತಿಳಿದು ಮೈ ಗದ್ದಲ ಎಬ್ಬಿಸುತ್ತದೆ. ಎದ್ದವರು ಮನೆಯವರನ್ನೇ ಬಡಿಯುತ್ತಾರೆ. ಅನೇಕ ರೋಗಿಗಳ ರಕ್ತದಲ್ಲಿ ಈ ಸೀಟಿಯ ಗುರುತು 2003ರಲ್ಲಿ ಸ್ಪಷ್ಟವಾಯಿತು. ಅದನ್ನು ತಡೆಯುವ ಅನಿಫ್ರೋಲುಮ್ಯಾಬ್ ಎಂಬ ಔಷಧಕ್ಕೆ ಅಮೆರಿಕ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ದುಬಾರಿ. ಮಲೇರಿಯಾ ಗುಳಿಗೆಗಳ ಜಾತಿಯ ಹೈಡ್ರಾಕ್ಸಿಕ್ಲೋರೋಕ್ವಿನ್ನೇ ಇಂದಿಗೂ ಚಿಕಿತ್ಸೆಯ ಬುಡ.

ಇನ್ನು ಬೀಗರ ಪ್ರಶ್ನೆ. ಸೀಟಿಯನ್ನು ಹಗುರಾಗಿ ಊದಿಸುವ ವಂಶವಾಹಿಗಳು ಉಂಟು. ಐಆರ್‌ಎಫ್5, ಸ್ಟ್ಯಾಟ್4 ಅಂಥವು. ಆದರೆ ಒಂದೊಂದೂ ಹೆಚ್ಚಿಸುವ ಅಪಾಯ ಚಿಲ್ಲರೆಯದು. ಒಂದೇ ವಂಶವಾಹಿಯಿಂದ ರೋಗ ಬರುವುದು ತೀರ ವಿರಳ. ಟಿಎಲ್‌ಆರ್7ರಲ್ಲಿನ ಒಂದೇ ಬದಲಾವಣೆಯಿಂದ ಸ್ಪೇನಿನ ಹುಡುಗಿಯೊಬ್ಬಳಿಗೆ ಬಂದದ್ದು 2022ರಲ್ಲಿ ವರದಿಯಾಯಿತು. ಒಂದೇ ಅಚ್ಚಿನ ಅವಳಿಗಳಲ್ಲಿ ಒಬ್ಬಳಿಗೆ ಬಂದರೂ ಇನ್ನೊಬ್ಬಳಿಗೆ ಬಾರದಿರುವುದೇ ಹೆಚ್ಚು. ಅವ್ವನಿಗೆ ಇದ್ದರೆ ಮಗಳಿಗೆ ಅಪಾಯ ಉಳಿದವರಿಗಿಂತ ಹೆಚ್ಚು, ನಿಜ. ಆದರೂ ಬಹುಪಾಲು ಹೆಣ್ಣುಮಕ್ಕಳಿಗೆ ಬರುವುದಿಲ್ಲ. ಇಷ್ಟಕ್ಕೆ ಸಂಬಂಧ ಮುರಿಯುವುದು ನಮ್ಮ ಮಟ್ಟಿಗೆ ಕೆಟ್ಟ ವ್ಯಾಪಾರ.

ರೋಗ ಇದ್ದವಳ ಮದುವೆಯಲ್ಲಿ ಮುಚ್ಚಿಡುವುದು ಅದಕ್ಕಿಂತ ಕೆಟ್ಟದ್ದು. ಅತ್ತೆಮನೆಯಲ್ಲಿ ಗುಳಿಗೆ ಬಚ್ಚಿಡಬೇಕಾದವಳು ಒಂದು ದಿನ ಗುಳಿಗೆ ಬಿಟ್ಟೇ ಬಿಡುತ್ತಾಳೆ. ರೋಗ ಆರು ತಿಂಗಳು ತಣ್ಣಗಿದ್ದ ಮೇಲೆ, ವೈದ್ಯರ ಕಣ್ಗಾವಲಿನಲ್ಲಿ, ಬಹಳ ಮಂದಿ ಸುಖವಾಗಿ ಹೆರುತ್ತಾರೆ. ಅದಕ್ಕೆ ಗಂಡನಿಗೂ ಅತ್ತೆಗೂ ಮೊದಲೇ ಗೊತ್ತಿರಬೇಕು.

ವ್ರತದ ಮಾತೂ ಇದೆ. ಬಹುದಿನ ಸ್ಟೆರಾಯ್ಡ್ ತೆಗೆದುಕೊಂಡವರು ದಶಲಕ್ಷಣ ಪರ್ವದಲ್ಲಿ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೆ ಅಪಾಯ. ಮೂತ್ರಪಿಂಡ ಸೋತವರಿಗೆ ನೀರಿಲ್ಲದ ಉಪವಾಸವೂ ಸಲ್ಲದು. ನಾಲ್ಕು ದಾನಗಳಲ್ಲಿ ಔಷಧದಾನವನ್ನೂ ಎಣಿಸಿದ ಧರ್ಮ ನಮ್ಮದು, ಗುಳಿಗೆ ನುಂಗಲು ಸಂಕೋಚ ಯಾಕೆ? ರಾತ್ರಿಭೋಜನ ಬಿಟ್ಟವರು ವೈದ್ಯರಿಗೆ ಹೇಳಿ, ಗುಳಿಗೆಯ ಹೊತ್ತನ್ನು ಸೂರ್ಯಾಸ್ತದೊಳಗೆ ಹೊಂದಿಸಲು ಬರುವುದೇ ಎಂದು ಪರ್ವಕ್ಕೆ ತಿಂಗಳು ಮೊದಲೇ ಕೇಳಿಕೊಳ್ಳಬೇಕು.