ಹಡಗಿಗೆ ಸಂತೆ ರಜೆ ಇಲ್ಲ

ವಿಹಾರದ ಹಡಗು ನಡೆಸುವವರು ಹೆಂಗಸರ ಮನಸ್ಸನ್ನು ಚೆನ್ನಾಗಿ ಓದಿಕೊಂಡಿದ್ದಾರೆ. ಅವರ ಕರಪತ್ರವನ್ನು ಬಿಡಿಸಿ ನೋಡಿ. ಐದು ದಿನ ಅಡುಗೆಮನೆಗೆ ಬೀಗ ಹಾಕಿ ಬನ್ನಿ ಎನ್ನುತ್ತದೆ ಮೊದಲ ಸಾಲು. ಪಾತ್ರೆ ತೊಳೆಯಬೇಕಿಲ್ಲ, ಹಾಸಿಗೆ ಮಡಚಬೇಕಿಲ್ಲ, ನಾಳೆ ಬೆಳಿಗ್ಗೆ ತಿಂಡಿಗೇನು ಎಂದು ರಾತ್ರಿಯೇ ಯೋಚಿಸಬೇಕಿಲ್ಲ ಎನ್ನುತ್ತದೆ ಎರಡನೆಯದು. ಪಕ್ಕದಲ್ಲೇ ಒಂದು ಚಿತ್ರ. ಹಾಲಿನಂಥ ಮರಳು, ನೀಲಿ ನೀರು, ಬಾಗಿದ ತೆಂಗಿನಮರ, ಅದರ ಬುಡದಲ್ಲಿ ಕಾಲು ಚಾಚಿ ಕುಳಿತ ನಮ್ಮದೇ ವಯಸ್ಸಿನ ಒಬ್ಬ ಹೆಂಗಸು. ಮೂವತ್ತು ವರ್ಷ ಬೆಳಗಿನ ಐದು ಗಂಟೆಗೆ ಎದ್ದವಳಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕೆ?

ಹೆಂಗಸರು ಮನೆಬಿಟ್ಟು ತಿರುಗಬಾರದು ಎಂದು ಹೇಳಲು ನಾನಿದನ್ನು ಬರೆಯುತ್ತಿಲ್ಲ. ತಿರುಗಬೇಕು. ಗಂಡ ಮಕ್ಕಳ ಬಟ್ಟೆ ಜೋಡಿಸಿಕೊಂಡು ಧರ್ಮಸ್ಥಳ, ಹೊರನಾಡಿಗೆ ಹೋಗಿ ಬರುವುದಷ್ಟೇ ತಿರುಗಾಟವಲ್ಲ. ನನ್ನ ಸಿಟ್ಟು ಇರುವುದು ಬೇರೆಯದರ ಮೇಲೆ. ನಮ್ಮ ಆಯಾಸವನ್ನೇ ಬಂಡವಾಳ ಮಾಡಿಕೊಂಡು, ಚಿತ್ರದಲ್ಲಿ ಒಂದನ್ನು ತೋರಿಸಿ, ಸಣ್ಣಕ್ಷರದಲ್ಲಿ ಇನ್ನೊಂದನ್ನು ಬರೆದು, ಕೊನೆಗೆ ಈ ಹೆಂಗಸರು ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡಿರುತ್ತಾರೆ ಎಂಬ ಧೈರ್ಯದ ಮೇಲೆ ನಡೆಯುವ ವ್ಯಾಪಾರ ಇದು.

ಆಲ್ದೂರಿನಿಂದ ಹೊರಟವರು ನಾವು ನಾಲ್ವರು. ನಾನು, ನಮ್ಮ ಶಾಲೆಯ ಹಿಂದಿ ಟೀಚರು, ಔಷಧಿ ಅಂಗಡಿಯ ಅಕ್ಕ, ಅಂಚೆ ಕಚೇರಿಯಿಂದ ನಿವೃತ್ತರಾದ ಕೊಂಕಣಿ ಮಾತನಾಡುವ ಒಬ್ಬ ಗೆಳತಿ. ತಿಂಗಳಿಗೆ 2,000 ರೂಪಾಯಿಯಂತೆ ಎರಡು ವರ್ಷ ಚೀಟಿ ಕಟ್ಟಿದ್ದೆವು. ಯಾರ ಗಂಡನ ಜೇಬಿಗೂ ಕೈ ಹಾಕಿದ ಹಣವಲ್ಲ ಅದು. 2024ರ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪಕ್ಕೆ ಹೋಗಿ ಬಂದ ಚಿತ್ರಗಳು ಪತ್ರಿಕೆಗಳಲ್ಲೆಲ್ಲ ಬಂದ ಮೇಲೆ ಊರಿಗೆ ಊರೇ ಆ ಹೆಸರು ಹೇಳತೊಡಗಿತ್ತು. ನನಗೆ ಮಾತ್ರ ಆ ದ್ವೀಪಗಳು ಅದಕ್ಕಿಂತ ಹಳೆಯ ನಂಟು. ಸಮಾಜ ಪಾಠ ಮಾಡುವವಳು ನಾನು. ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಅಮಿನ್‌ದಿವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ಆಡಳಿತ ಮಂಗಳೂರಿನಿಂದ ನಡೆಯುತ್ತಿತ್ತು. ನಮ್ಮ ಘಟ್ಟದ ಕೆಳಗಿನ ಜಿಲ್ಲೆಯ ಒಂದು ತುಂಡು ಕಡಲಿನ ನಡುವೆ ಇತ್ತೆಂದು ಹೇಳಿದಾಗ ಮಕ್ಕಳು ಕಣ್ಣರಳಿಸುತ್ತಿದ್ದರು. ಆ ನೆಲದ ಮೇಲೆ ಒಂದು ಗಂಟೆ ನಡೆದಾಡಿ ಬರಬೇಕೆಂಬುದು ನನ್ನ ಆಸೆಯಾಗಿತ್ತು. ಹಡಗಿನ ಈಜುಕೊಳ ನೋಡಬೇಕೆಂಬ ಆಸೆ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ದಸರಾ ರಜೆಯಲ್ಲಿ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಇಳಿದು, ಮಂಗಳೂರಿನಿಂದ ಮತ್ಸ್ಯಗಂಧ ರೈಲು ಹಿಡಿದು ಮುಂಬಯಿ ಸೇರಿ ಹಡಗು ಹತ್ತಿದೆವು. ಹಡಗಿನ ಹೆಸರನ್ನಾಗಲಿ ಕಂಪನಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಕಿಟಕಿಯಿಲ್ಲದ ಕೋಣೆ ಸಿಕ್ಕಿದ್ದಕ್ಕೆ ನನ್ನ ತಕರಾರಿಲ್ಲ. ಅಗ್ಗದ ಟಿಕೇಟಿಗೆ ಕಿಟಕಿಯಿಲ್ಲವೆಂದು ಅವರು ಮೊದಲೇ ಹೇಳಿದ್ದರು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ಮುಕ್ಕಾಲು ಗಂಟೆ ನಿಂತದ್ದಕ್ಕೂ ಇಲ್ಲ. ಮದುವೆಮನೆಯ ಕೊನೆಯ ಪಂಕ್ತಿ ನಮಗೇನು ಹೊಸದೆ?

ಮೂರನೆಯ ದಿನ ಬೆಳಿಗ್ಗೆ ದ್ವೀಪ ಕಂಡಿತು. ನೀರಿನ ಮೇಲೆ ಹಸಿರು ಪೆನ್ಸಿಲಿನಿಂದ ಎಳೆದ ಗೆರೆಯಂತೆ. ನಾವು ನಾಲ್ವರೂ ಟೋಪಿ, ಚಪ್ಪಲಿ ಸಿದ್ಧ ಮಾಡಿಕೊಂಡು ಕುಳಿತೆವು. ಒಂಬತ್ತು ಗಂಟೆಗೆ ಧ್ವನಿವರ್ಧಕದಲ್ಲಿ ಹೇಳಿದರು: ಅಲೆ ಹೆಚ್ಚಿದೆ, ದ್ವೀಪಕ್ಕೆ ಇಳಿಸಲಾಗುವುದಿಲ್ಲ, ಇದರ ಬದಲಾಗಿ ಹನ್ನೊಂದು ಗಂಟೆಗೆ ಮೇಲಿನ ಮಹಡಿಯಲ್ಲಿ ಹೌಸಿ ಆಟವಿದೆ.

ಇಲ್ಲಿ ಸ್ವಲ್ಪ ವಿವರ ಹೇಳಬೇಕು, ಯಾಕೆಂದರೆ ಮೋಸದ ಗಂಟು ಇರುವುದು ಇಲ್ಲಿಯೇ. ಲಕ್ಷದ್ವೀಪದ 36 ದ್ವೀಪಗಳೂ ಸೇರಿ 32 ಚದರ ಕಿಲೋಮೀಟರು. ಜನವಸತಿ ಇರುವುದು ಹತ್ತರಲ್ಲಿ. ಹವಳದ ದಿಬ್ಬ ಸುತ್ತುವರಿದು, ಒಳಗೆ ಆಳವಿಲ್ಲದ ತಿಳಿನೀರಿನ ಕೊಳವಿರುವ ದ್ವೀಪಗಳಿವು. ಇಷ್ಟು ದೊಡ್ಡ ಹಡಗು ಅದರೊಳಗೆ ಹೋಗಲಾರದು. ದಿಬ್ಬದಿಂದಾಚೆ ನಿಂತು, ತನ್ನ ಪಕ್ಕೆಯ ಬಾಗಿಲು ತೆರೆದು, ಜನರನ್ನು ಸಣ್ಣ ದೋಣಿಗಳಿಗೆ ಇಳಿಸಬೇಕು. ಹಡಗು ಒಂದು ತಾಳಕ್ಕೆ, ದೋಣಿ ಇನ್ನೊಂದು ತಾಳಕ್ಕೆ ಕುಣಿಯುತ್ತಿದ್ದರೆ ಮುದುಕರು ಮಕ್ಕಳಿರಲಿ, ಗಟ್ಟಿಮುಟ್ಟಾದವರ ಕಾಲೂ ಮುರಿದೀತು. ಹಾಗಾಗಿ ಇಳಿಸುವುದಿಲ್ಲವೆಂದ ಕ್ಯಾಪ್ಟನ್ ಮಾಡಿದ್ದು ಸರಿ. 2012ರ ಜನವರಿಯಲ್ಲಿ ಇಟಲಿಯ ಕೋಸ್ಟಾ ಕಾಂಕಾರ್ಡಿಯಾ ಹಡಗು ಜಿಲ್ಯೋ ದ್ವೀಪದ ತೀರಕ್ಕೆ ತೀರ ಹತ್ತಿರ ಹೋಗಿ ಬಂಡೆಗೆ ಬಡಿದು 32 ಜನ ಸತ್ತರು. ಕಡಲಿಗೆ ಹೆದರುವ ಕ್ಯಾಪ್ಟನನಿಗೆ ನಾನು ಕೈ ಮುಗಿಯುತ್ತೇನೆ.

ಆದರೆ ಟಿಕೇಟು ಮಾರಿದವನಿಗೆ ಇದು ಗೊತ್ತಿರಲಿಲ್ಲವೆ? ದ್ವೀಪದ ಚಿಕ್ಕ ಹುಡುಗನಿಗೂ ಗೊತ್ತಿರುವ ಸಂಗತಿ, ಹಡಗು ನಡೆಸುವ ಕಂಪನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಗೊತ್ತಿದ್ದುದಕ್ಕೇ ಸಣ್ಣಕ್ಷರದ ಹದಿನೇಳನೆಯ ಷರತ್ತಿನಲ್ಲಿ ಬರೆದಿದ್ದಾರೆ: ಯಾವುದೇ ನಿಲುಗಡೆಯನ್ನು ಯಾವುದೇ ಕಾರಣಕ್ಕೆ ಕೈಬಿಡಬಹುದು, ಹಣ ವಾಪಸಿಲ್ಲ. ಮುಖಪುಟದ ಚಿತ್ರದಲ್ಲಿ ಮಾತ್ರ ಆ ಹೆಂಗಸು ತೆಂಗಿನಮರದ ಕೆಳಗೆ ಆರಾಮವಾಗಿ ಕುಳಿತೇ ಇದ್ದಾಳೆ. ಅವಳ ಕೆಳಗೆ ‘ಅಲೆ ಇಳಿದಿದ್ದರೆ’ ಎಂಬ ಎರಡು ಪದ ಅದೇ ಗಾತ್ರದ ಅಕ್ಷರದಲ್ಲಿ ಬರೆದಿದ್ದರೆ ಏನಾಗುತ್ತಿತ್ತು? ಒಂದಷ್ಟು ಟಿಕೇಟು ಕಡಿಮೆ ಮಾರಾಟವಾಗುತ್ತಿತ್ತು. ಅಷ್ಟೇ.

ಮಲ್ಪೆಗೆ ಹೋದವರಿಗೆ ಗೊತ್ತು. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಬಿಡುವುದಿಲ್ಲವೆಂದರೆ ಟಿಕೇಟೂ ಕೊಡುವುದಿಲ್ಲ. ಒಂದು ವರ್ಷ ನಾವು ಹೋದಾಗ ಗಾಳಿ ಎದ್ದಿತ್ತು. “ಇವತ್ತು ಆಗುವುದಿಲ್ಲ ಅಕ್ಕ, ನಾಳೆ ನೋಡಿ” ಎಂದು ದೋಣಿಯವನು ದುಡ್ಡು ತಿರುಗಿ ಕೈಗಿಟ್ಟ. ಅವನೇನು ಎಂಬಿಎ ಓದಿದವನಲ್ಲ.

ಹೊರಗಿನವರನ್ನಷ್ಟೇ ದೂರಿದರೆ ನ್ಯಾಯವಾಗದು. ನಮ್ಮ ಸುತ್ತಿನ ಹೋಂಸ್ಟೇಗಳ ಫಲಕಗಳನ್ನು ನೋಡಿದ್ದೀರಲ್ಲ? ಹಾಲಿನಂತೆ ಧುಮುಕುವ ಅಬ್ಬಿಯ ಚಿತ್ರ. ಮಾರ್ಚ್ ತಿಂಗಳಲ್ಲಿ ಬೆಂಗಳೂರಿನವರು ಮಕ್ಕಳನ್ನು ಕಟ್ಟಿಕೊಂಡು ಬಂದರೆ ಅಲ್ಲಿರುವುದು ಒಣಬಂಡೆ. ನಮ್ಮ ಜಿಲ್ಲೆಯೂ ಈ ವಿದ್ಯೆಯನ್ನು ಕಲಿತು ಪಾಸಾಗಿದೆ.

ಇನ್ನು ಬಿಲ್ಲಿನ ಕಥೆ. ‘ಎಲ್ಲವೂ ಸೇರಿ’ ಎಂಬ ಮಾತನ್ನು ನಂಬಿ ಹೋಗುವವರಿಗೆ ಒಂದು ಸಂಗತಿ ಹೇಳಿಬಿಡುತ್ತೇನೆ. ಹಡಗಿನಲ್ಲಿ ನೋಟು ನಡೆಯುವುದಿಲ್ಲ. ಹತ್ತುವಾಗ ಒಂದು ಕಾರ್ಡು ಕೊಡುತ್ತಾರೆ, ಎಲ್ಲದಕ್ಕೂ ಅದನ್ನೇ ತೋರಿಸುವುದು. ದುಡ್ಡು ಕೈಯಿಂದ ಹೋಗುವುದು ಕಾಣದಂತೆ ಮಾಡುವ ಉಪಾಯ ಅದು. ಬಾಟಲಿ ನೀರಿಗೆ ಬೇರೆ, ಇಂಟರ್ನೆಟ್ಟಿಗೆ ಬೇರೆ, ಕೆಲವು ಆಟ ನೋಟಗಳಿಗೆ ಬೇರೆ. ಕಾಫಿಯ ಅವಸ್ಥೆಯನ್ನಂತೂ ಕೇಳಬೇಡಿ. ಯಂತ್ರದಿಂದ ಬರುವ ಕಂದು ನೀರು ಪುಕ್ಕಟೆ, ಕಾಫಿಯಂಥ ಕಾಫಿಗೆ ದುಡ್ಡು. ಆಲ್ದೂರಿನವರು ಅರಬ್ಬೀ ಸಮುದ್ರದ ನಡುವೆ ಇನ್ನೂರೈವತ್ತು ರೂಪಾಯಿ ತೆತ್ತು ಒಂದು ಲೋಟ ಕಾಫಿ ಕುಡಿದೆವೆಂದರೆ ನಮ್ಮ ತೋಟದ ರೈಟರು ಈಗಲೂ ನಗುತ್ತಾರೆ. ಕೊನೆಯ ದಿನ ಬಾಗಿಲ ಸಂದಿಯಲ್ಲಿ ಬಿಲ್ಲು ತೂರಿಸಿದ್ದರು. ಅದರಲ್ಲಿ ತಲೆಗೆ, ದಿನಕ್ಕೆ ಇಷ್ಟು ಎಂದು ‘ಸೇವಾ ಶುಲ್ಕ’. ನಾವು ಕೊಟ್ಟದ್ದಲ್ಲ, ಅವರೇ ತೆಗೆದುಕೊಂಡದ್ದು.

ಈ ಸೇವಾ ಶುಲ್ಕ ಯಾರಿಗೆ ಸೇರುತ್ತದೆ? ನಮ್ಮ ಕೋಣೆ ಗುಡಿಸಲು ಬರುತ್ತಿದ್ದವಳು ಗೋವೆಯ ಕಡೆಯ ಹುಡುಗಿ. ನಮ್ಮ ಅಂಚೆಯವರು ಕೊಂಕಣಿಯಲ್ಲಿ ಮಾತಾಡಿಸಿದ್ದೇ ತಡ, ಮುಖ ಅರಳಿತು. ಎಂಟು ತಿಂಗಳ ಕರಾರು. ಎರಡು ವರ್ಷದ ಮಗು ಅಜ್ಜಿಯ ಹತ್ತಿರ. ಬೆಳಿಗ್ಗೆ ಆರಕ್ಕೆ ಶುರುವಾದರೆ ಮಧ್ಯಾಹ್ನ ಎರಡು ಗಂಟೆ ಬಿಡುವು, ಮತ್ತೆ ರಾತ್ರಿ ಹತ್ತರವರೆಗೆ ಕೆಲಸ. “ವಾರದ ರಜೆ ಯಾವತ್ತು?” ಎಂದು ನಾನು ಕೇಳಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಹಡಗಿನಲ್ಲಿ ವಾರದ ರಜೆ ಅಂತ ಇರುವುದಿಲ್ಲ ಆಂಟಿ” ಎಂದಳು. ಸೇವಾ ಶುಲ್ಕದ ಮಾತೆತ್ತಿದಾಗ ಬಾಗಿಲ ಕಡೆ ನೋಡಿ ನಕ್ಕು, ಟವೆಲ್ಲನ್ನು ಬಾತುಕೋಳಿಯ ಆಕಾರದಲ್ಲಿ ಮಡಚಿಟ್ಟು ಹೋದಳು.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಕಾಫಿ ತೋಟಗಳ ನಡುವೆ. ತೋಟದ ಆಳುಗಳ ಬದುಕು ಸುಖದ್ದೆಂದು ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಅವರಿಗೂ ಸಂತೆ ದಿನ ರಜೆ. ಹಣ್ಣಿನ ಕುಯ್ಲಿನ ಭರಾಟೆಯಲ್ಲೂ ಸಂತೆಯ ದಿನ ಲೈನು ಮನೆಯ ಹೆಂಗಸು ತಲೆಗೆ ಸ್ನಾನ ಮಾಡಿ, ಚೀಲ ಹಿಡಿದು ಪೇಟೆಗೆ ಬರುತ್ತಾಳೆ. ವಾರದ ರಜೆ, ವಾಸಕ್ಕೆ ಮನೆ, ಕೂಸುಗಳಿಗೆ ಶಿಶುಮಂದಿರ ಎಂದು 1951ರಲ್ಲೇ ತೋಟ ಕಾರ್ಮಿಕರಿಗೆ ಕಾಯಿದೆ ಬಂತು. ಎಷ್ಟು ತೋಟಗಳಲ್ಲಿ ಪಾಲಿಸಿದರು ಎಂಬುದು ಬೇರೆ ಮಾತು. ಕೇಳಲು ಒಂದು ಕಾಗದವಾದರೂ ಇತ್ತು. ಕಡಲಿನ ಕೆಲಸಗಾರರಿಗೂ 2006ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಗಿದೆ, 2013ರಿಂದ ಜಾರಿಯಲ್ಲಿದೆ, ಭಾರತವೂ 2015ರಲ್ಲಿ ಒಪ್ಪಿದೆ. ಅದರಲ್ಲಿ ಎರಡು ದಾರಿಗಳಿವೆ. ಕೆಲಸಕ್ಕೆ ವಾರಕ್ಕೆ 72 ಗಂಟೆಯ ಮಿತಿ ಹಾಕಬಹುದು. ಇಲ್ಲವೇ ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಟ್ಟರೆ ಸಾಕೆನ್ನಬಹುದು. ವಾರಕ್ಕೆ 168 ಗಂಟೆ. ಅದರಲ್ಲಿ 77 ಕಳೆಯಿರಿ. 91 ಗಂಟೆ! ಐದನೇ ತರಗತಿಯ ಲೆಕ್ಕ ಇದು. ಯಾವ ದಾರಿ ಹಿಡಿಯಬೇಕೆಂಬುದು ಹಡಗು ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶಕ್ಕೆ ಬಿಟ್ಟದ್ದು. ಲೋಕದ ಎಷ್ಟೋ ವಿಹಾರದ ಹಡಗುಗಳು ಪನಾಮಾ, ಬಹಾಮಾಸ್ ದೇಶಗಳ ಬಾವುಟ ಏರಿಸಿಕೊಂಡು ಓಡಾಡುವುದು ಸುಮ್ಮನೆ ಅಲ್ಲ.

2020ರ ಫೆಬ್ರವರಿ ನೆನಪಿದೆಯೆ? ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೊರೋನಾ ಕಾರಣದಿಂದ ತಡೆದು ನಿಲ್ಲಿಸಿದ್ದರು. 3,711 ಜನರಲ್ಲಿ ಏಳುನೂರಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು. ಪ್ರಯಾಣಿಕರು ಕೋಣೆಯಿಂದ ಹೊರಗೆ ಬರಬಾರದೆಂದು ಆಜ್ಞೆಯಾಯಿತು. ಸರಿ. ಅವರ ಬಾಗಿಲಿಗೆ ಮೂರು ಹೊತ್ತು ಊಟ ತಲುಪಿಸಿದವರು ಯಾರು? ಹಡಗಿನ ಕೆಲಸದವರು. ಅವರಲ್ಲಿ 132 ಜನ ಭಾರತೀಯರಿದ್ದರು. ಅಡುಗೆಮನೆಗೆ ಬೀಗ ಹಾಕಿ ಬನ್ನಿ ಎನ್ನುತ್ತಾರಲ್ಲ, ಆ ಬೀಗದ ಒಳಗೆ ಬೇರೊಬ್ಬಳನ್ನು ಕೂಡಿಹಾಕಿರುತ್ತಾರೆ. ಮನೆಯಲ್ಲಿ ವಾರದ ರಜೆ ಕಾಣದ ನಾವು, ವಾರದ ರಜೆ ಕಾಣದ ಇನ್ನೊಬ್ಬಳಿಂದ ಐದು ದಿನದ ವಿಶ್ರಾಂತಿ ಕೊಂಡುಕೊಳ್ಳುತ್ತೇವೆ. ದಲ್ಲಾಳಿ ನಡುವೆ ಕೂತು ಇಬ್ಬರಿಂದಲೂ ಗಳಿಸುತ್ತಾನೆ.

ಊರಿಗೆ ಬಂದ ಮೇಲೆ ಕೇಳಿದ ಮಾತುಗಳು ಒಂದೆರಡಲ್ಲ. “ಸಮುದ್ರಕ್ಕೆ ಯಾರು ಜವಾಬು ಕೊಡುತ್ತಾರೆ ಟೀಚರೇ, ಹೋಗಲಿ ಬಿಡಿ” ಎಂದರು ಕೆಲವರು. ಹಿಂದಿ ಟೀಚರ ಯಜಮಾನರು, “ನಾನು ಆವತ್ತೇ ಹೇಳಿದ್ದೆ” ಎಂದರು. ಆವತ್ತು ಅವರು ಹೇಳಿದ್ದು ವಾಪಸು ಬರುವಾಗ ಒಣಮೀನು ತನ್ನಿ ಎಂದು ಮಾತ್ರ. ಔಷಧಿ ಅಂಗಡಿಯ ಅಕ್ಕನ ಸೊಸೆ, “ಫೋಟೋ ಚೆನ್ನಾಗಿ ಬಂದಿದೆಯಲ್ಲ ಅತ್ತೆ, ದ್ವೀಪಕ್ಕೆ ಹೋಗಲಿಲ್ಲ ಅಂತ ಯಾರಿಗೂ ಹೇಳಬೇಡಿ” ಎಂದಳು. ಅಕ್ಕ ಅರ್ಧ ಒಪ್ಪಿಯೂ ಬಿಟ್ಟಿದ್ದರು. ನಾಲ್ಕು ಜನರ ಮುಂದೆ ಮೋಸ ಹೋದೆವೆನ್ನಲು ನಮಗೆ ನಾಚಿಕೆ. ಎರಡು ರೂಪಾಯಿ ಹೆಚ್ಚು ಹೇಳಿದ ಸೊಪ್ಪಿನವಳ ಹತ್ತಿರ ಕಾಲು ಗಂಟೆ ವಾದ ಮಾಡುವವರು ನಾವು. ನಲವತ್ತೆಂಟು ಸಾವಿರ ತೆಗೆದುಕೊಂಡವನ ಮುಂದೆ ನಮಗೆ ಬಾಯಿ ಏಳುವುದಿಲ್ಲ. ಅವನು ಇಂಗ್ಲಿಷಿನಲ್ಲಿ ಬರೆದಿದ್ದಾನಲ್ಲ!

ಹಾಗಾಗಿ ಕಾನೂನಿನ ಎರಡು ಮಾತು ಕೇಳಿಸಿಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಮುಖ್ಯ ಸಂಗತಿಯನ್ನು ಬೇಕೆಂದೇ ಮರೆಮಾಚುವ ಜಾಹೀರಾತೂ ದಾರಿ ತಪ್ಪಿಸುವ ಜಾಹೀರಾತೇ. ಟಿಕೇಟಿನ ಹಿಂದೆ ‘ವ್ಯಾಜ್ಯವೇನಿದ್ದರೂ ಇಂಥ ಮಹಾನಗರದ ನ್ಯಾಯಾಲಯದಲ್ಲಿ ಮಾತ್ರ’ ಎಂದು ಬರೆದಿದ್ದರೆ ಹೆದರಬೇಡಿ. ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ವಕೀಲರಿಲ್ಲದೆ ನಾವೇ ನಿಂತು ಹೇಳಬಹುದು. ನಮ್ಮ ಅಂಚೆಯವರು ಕರಪತ್ರ, ಟಿಕೇಟು, ಬಿಲ್ಲು ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿದರು. ಮೂವತ್ತೈದು ವರ್ಷ ರಿಜಿಸ್ಟರ್ ಪತ್ರಗಳನ್ನು ಜೋಡಿಸಿದ ಕೈ ಅದು. ದೂರನ್ನು ನಾನು ಕನ್ನಡದಲ್ಲಿ ಬರೆದೆ. ಚಿಕ್ಕಮಗಳೂರಿನ ಗ್ರಾಹಕ ಆಯೋಗಕ್ಕೆ ನಾಲ್ವರೂ ಹೋಗಿ ಕೊಟ್ಟು ಬಂದೆವು. ಔಷಧಿ ಅಂಗಡಿಯ ಅಕ್ಕನೂ ಸಹಿ ಹಾಕಿದರು. ಅಲೆ ಎದ್ದದ್ದಕ್ಕೆ ಪರಿಹಾರ ಕೊಡಿ ಎಂದು ನಾವು ಕೇಳಿಲ್ಲ. ಇಳಿಸದಿದ್ದ ದಿನದ ಹಣ, ಕೇಳದೆ ಹಿಡಿದುಕೊಂಡ ಸೇವಾ ಶುಲ್ಕ, ಕರಪತ್ರದ ಮುಖಪುಟದಲ್ಲೇ ಆ ಎಚ್ಚರಿಕೆಯ ಮಾತು ಅಚ್ಚಾಗಬೇಕು ಎಂಬ ಆದೇಶ, ಇಷ್ಟನ್ನು ಕೇಳಿದ್ದೇವೆ.

ಆಯೋಗದ ನೋಟೀಸು ಹೋದ ಎರಡು ವಾರಕ್ಕೆ ಕಂಪನಿಯಿಂದ ನಮ್ಮೆಲ್ಲರಿಗೂ ಪ್ರೀತಿಯ ಪತ್ರ ಬಂತು. ದೂರನ್ನು ವಾಪಸು ಪಡೆದರೆ ಮುಂದಿನ ವರ್ಷದ ಯಾನದಲ್ಲಿ ನೂರಕ್ಕೆ ಹತ್ತು ರಿಯಾಯಿತಿ ಕೊಡುತ್ತಾರಂತೆ. ಜೊತೆಗೆ ಹೊಸ ಕರಪತ್ರ. ಅದೇ ತೆಂಗಿನಮರ, ಅದೇ ಹೆಂಗಸು. ಪತ್ರವನ್ನೂ ಕರಪತ್ರವನ್ನೂ ದೂರಿನ ಕಡತಕ್ಕೆ ಸೇರಿಸಿದ್ದೇವೆ.