ದೀಪವನ್ನು ಆರಿಸುವುದು ದುರಸ್ತಿಯಲ್ಲ

ಇಂಡಿಯ ಲಿಂಬೆ, ಬಸವನ ಬಾಗೇವಾಡಿಯ ಉಳ್ಳಾಗಡ್ಡಿ, ಸಿಂದಗಿಯ ಹತ್ತಿ, ಮುದ್ದೇಬಿಹಾಳದ ತೊಗರಿ ಇವುಗಳನ್ನು ಪೇಟೆಗೆ ಮುಟ್ಟಿಸುವ ಭಾರವು ಇಂದು ಬಹುಮಟ್ಟಿಗೆ ಸಣ್ಣ ಪಿಕಪ್ ಗಾಡಿಗಳ ಮೇಲೆ ಬಿದ್ದಿದೆ. ಆ ಗಾಡಿಯ ಕೀಲಿಯನ್ನು ತಿರುಗಿಸಿದೊಡನೆ ಚಾಲಕನ ಮುಂದಣ ಫಲಕದಲ್ಲಿ ಕೆಲವು ದೀಪಗಳು ಬೆಳಗುತ್ತವೆ. ಎಂಜಿನು ಓಡತೊಡಗಿದ ಮೇಲೆ ಆರುತ್ತವೆ. ಯಾವುದಾದರೊಂದು ದೀಪವು ಆರದೆ ಉಳಿದರೆ ನಮ್ಮಲ್ಲಿ ಎರಡು ಉಪಾಯಗಳು ರೂಢಿಯಲ್ಲಿವೆ: ಅದನ್ನು ಕಂಡೂ ಕಾಣದಂತೆ ಸಾಗುವುದು, ಇಲ್ಲವೆ ಅದರ ತಂತಿಯನ್ನೇ ಕಿತ್ತುಬಿಡುವುದು. ಈ ಎರಡೂ ಅವಿವೇಕವೆಂದು ಹೇಳುವುದಕ್ಕಾಗಿಯೇ ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮಗೆ ಪರಿಚಿತರಾದ ರೈತರೊಬ್ಬರ ಗಾಡಿಯಲ್ಲಿ ಎಣ್ಣೆಯ ಕೆಂಪು ದೀಪವು ಮೇಲಿಂದ ಮೇಲೆ ಹೊತ್ತುತ್ತಿತ್ತು. ಯಾರೋ ಅದರ ತಂತಿಯನ್ನು ಬಿಡಿಸಿಕೊಟ್ಟರು. ದೀಪವು ಆರಿತು, ಕೆಲವು ವಾರಗಳ ತರುವಾಯ ಎಂಜಿನು ಬಿಗಿದು ನಿಂತಿತು. ಸುಗ್ಗಿಯ ಗಳಿಕೆಯೆಲ್ಲ ಗ್ಯಾರೇಜಿನ ಪಾಲಾಯಿತು.

ಇಲ್ಲಿ ನಡೆದುದೇನು? ಹಲವು ಗಾಡಿಗಳಲ್ಲಿ ಎಣ್ಣೆಯ ದೀಪವು ಒಂದು ಸರಳವಾದ ಸ್ವಿಚ್ಚಿನ ಅಧೀನದಲ್ಲಿರುತ್ತದೆ. ಎಣ್ಣೆಯ ಒತ್ತಡವಿಲ್ಲದಾಗ ಸ್ಪ್ರಿಂಗು ವಿದ್ಯುತ್ ಮಂಡಲವನ್ನು ಕೂಡಿಸಿ ದೀಪವನ್ನು ಬೆಳಗಿಸುತ್ತದೆ. ಒತ್ತಡವು ಏರಿದಾಗ ತೆಳುವಾದ ಪೊರೆಯೊಂದು ಆ ಸಂಪರ್ಕವನ್ನು ಬಿಡಿಸುತ್ತದೆ. ಆದುದರಿಂದ ತಂತಿ ಕಡಿದ ಗಾಡಿಯೂ ಆರೋಗ್ಯದ ಗಾಡಿಯೂ ಓಡುವಾಗ ಒಂದೇ ತೆರನಾಗಿ ಕಾಣುತ್ತವೆ. ಭೇದವು ತಿಳಿಯುವುದು ಎಂಜಿನು ಹೊರಡುವ ಮುನ್ನ. ಕೀಲಿಯನ್ನು ತಿರುಗಿಸಿದಾಗಲೂ ದೀಪವು ಹೊತ್ತದಿದ್ದರೆ ದೋಷವು ದೀಪದ ಮಂಡಲದಲ್ಲಿಯೇ ಉಂಟು. ಓಡುವಾಗ ಹೊತ್ತಿದರೆ ಕೂಡಲೆ ಎಂಜಿನನ್ನು ನಿಲ್ಲಿಸಿ, ಎಣ್ಣೆಯ ಮಟ್ಟವನ್ನೂ ಸೋರಿಕೆಯನ್ನೂ ನೋಡಬೇಕು. ಮಟ್ಟವು ಸರಿಯಿದ್ದರೆ ಮೆಕ್ಯಾನಿಕನಿಂದ ನಿಜವಾದ ಒತ್ತಡವನ್ನು ಮಾಪಕದಿಂದ ಅಳೆಯಿಸಬೇಕು. ಸ್ವಿಚ್ಚನ್ನು ಸಂಶಯಿಸುವುದು ಆ ಬಳಿಕ.

ಬ್ಯಾಟರಿಯ ದೀಪವಂತೂ ನಮ್ಮ ಪಠ್ಯಪುಸ್ತಕದಿಂದಲೇ ಎದ್ದು ಬಂದಂತಿದೆ. ಹಳೆಯ ಮಾದರಿಯ ಗಾಡಿಗಳಲ್ಲಿ ಅದರ ಒಂದು ತುದಿಯು ಬ್ಯಾಟರಿಗೂ ಇನ್ನೊಂದು ಆಲ್ಟರ್ನೇಟರಿಗೂ ಸೇರಿರುತ್ತದೆ. ಆಲ್ಟರ್ನೇಟರು ವಿದ್ಯುತ್ತನ್ನು ಉತ್ಪಾದಿಸತೊಡಗಿದಾಗ ಎರಡು ತುದಿಗಳ ವಿಭವವೂ ಸಮವಾಗುತ್ತದೆ, ವಿಭವಾಂತರವಿಲ್ಲದಲ್ಲಿ ಪ್ರವಾಹವೂ ಇಲ್ಲ, ದೀಪವು ಆರುತ್ತದೆ. ಪೂರ್ಣ ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟನ್ನೂ, ಎಂಜಿನು ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟನ್ನೂ ತೋರಬೇಕು. ಏರಿಕೆ ಕಾಣದಿದ್ದರೆ ಮೊದಲು ಬೆಲ್ಟನ್ನು ನೋಡಿರಿ. ಹಲವು ಎಂಜಿನುಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು; ಅದು ಹರಿದರೆ ಎಂಜಿನು ಕಾದು ಕೆಡುತ್ತದೆ.

ಬ್ರೇಕಿನ ಕೆಂಪು ದೀಪವು ಕೈಬ್ರೇಕನ್ನು ಬಿಟ್ಟ ಮೇಲೂ ಉಳಿದರೆ ದ್ರವವು ಇಳಿದಿರಬಹುದು. ಬರಿದೆ ತುಂಬಿಸಿ ಹೊರಟರೆ ಸೋರಿಕೆಯನ್ನು ಮುಚ್ಚಿಟ್ಟಂತಾದೀತು. ಇಲ್ಲಿ ಸ್ವಂತ ಪ್ರಯೋಗವು ಸಲ್ಲದು. ಗಾಡಿಯನ್ನು ಓಡಿಸದೆ ಮೆಕ್ಯಾನಿಕನನ್ನೇ ಕರೆಯಬೇಕು.

ಇನ್ನು ಹಳದಿಯ ಎಂಜಿನ್ ದೀಪ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮವು ಜಾರಿಗೆ ಬಂದ ಮೇಲೆ, ಎಂಜಿನಿನ ಮೇಲೆ ಕಣ್ಣಿಡುವ ಕಂಪ್ಯೂಟರಿನ ಹೊಣೆಯು ಇನ್ನಷ್ಟು ಹೆಚ್ಚಿದೆ. ಸ್ಕ್ಯಾನರನ್ನು ಜೋಡಿಸಿದರೆ ಅದು ಒಂದು ಸಂಕೇತವನ್ನು ಕೊಡುತ್ತದೆ. ‘ಪಿ 0335’ ಎಂಬುದು ಕ್ರ್ಯಾಂಕ್‌ಶಾಫ್ಟಿನ ಸ್ಥಾನವನ್ನು ಅರಿಯುವ ಸಂವೇದಕದ ಮಂಡಲದಲ್ಲಿ ದೋಷವಿದೆಯೆಂದು ಹೇಳುತ್ತದೆ. ‘ಮಂಡಲದಲ್ಲಿ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಇಲಿ ಕಡಿದ ತಂತಿಯಿಂದಲೂ, ಧೂಳು ತುಂಬಿ ಸಡಿಲಾದ ಕನೆಕ್ಟರಿನಿಂದಲೂ ಅದೇ ಸಂಕೇತವು ಬರಬಹುದು. ಅಳೆದು ನೋಡದೆ ಹೊಸ ಸಂವೇದಕವನ್ನು ಕೊಳ್ಳುವವನು ಹಣವನ್ನು ಪೋಲು ಮಾಡುತ್ತಾನೆ. ಸಂಕೇತವನ್ನು ಅಳಿಸಿ ಸುಮ್ಮನಾಗುವವನು ತನ್ನನ್ನೇ ವಂಚಿಸಿಕೊಳ್ಳುತ್ತಾನೆ. ಕಾರಣವು ಉಳಿದಿದ್ದರೆ ದೀಪವು ಮರಳಿ ಬಂದೇ ಬರುತ್ತದೆ.

ಮೆಕ್ಯಾನಿಕನಿರುವಾಗ ವಿದ್ಯಾರ್ಥಿಗೆ ಇದೆಲ್ಲ ಏಕೆ ಎಂದು ಕೆಲವರು ಕೇಳಬಹುದು. ಮೆಕ್ಯಾನಿಕನ ಕೈಚಳಕವನ್ನು ನಾವು ಕೀಳಾಗಿ ಕಾಣುವವರಲ್ಲ. ಆದರೆ ದಾರಿಯಲ್ಲಿ ಗಾಡಿಯನ್ನು ನಿಲ್ಲಿಸಬೇಕೇ ಬೇಡವೇ ಎಂಬ ನಿರ್ಣಯವು ಆತನದಲ್ಲ, ಗಾಡಿಯಲ್ಲಿರುವವರದು. ನಮ್ಮ ವಿದ್ಯಾರ್ಥಿಗಳು ಓಮನ ನಿಯಮದ ನಕ್ಷೆಯನ್ನು ಅಂದವಾಗಿ ಬರೆಯುತ್ತಾರೆ. ಮನೆಯ ಗಾಡಿಯ ಬಾನೆಟ್ಟನ್ನು ಎತ್ತಿದವರು ವಿರಳ. ಈ ತಪ್ಪಿನಲ್ಲಿ ಅಧ್ಯಾಪಕರಾದ ನಮ್ಮ ಪಾಲೂ ಉಂಟು.

ಈ ನಾಲ್ಕು ಊರುಗಳ ಕಾಲೇಜುಗಳು ವರ್ಷಕ್ಕೊಂದು ದಿನವಾದರೂ ಅಂಗಳಕ್ಕೆ ಒಂದು ಪಿಕಪ್ ಗಾಡಿಯನ್ನೂ ಒಬ್ಬ ಅನುಭವಿ ಮೆಕ್ಯಾನಿಕನನ್ನೂ ಬರಮಾಡಿಕೊಳ್ಳಲಿ. ವಿದ್ಯಾರ್ಥಿಗಳು ಮಲ್ಟಿಮೀಟರನ್ನು ಹಿಡಿದು ಬ್ಯಾಟರಿಯ ವೋಲ್ಟನ್ನು ತಾವೇ ಅಳೆಯಲಿ. ಅಂದು ಸಂಜೆ ಮನೆಗೆ ಹೋಗಿ, ಕೀಲಿಯನ್ನು ತಿರುಗಿಸಿ, ಯಾವ ದೀಪವು ಹೊತ್ತಲಿಲ್ಲವೆಂದು ತಂದೆಗೆ ತಿಳಿಸಬಲ್ಲ ಹುಡುಗನೋ ಹುಡುಗಿಯೋ ಒಂದು ಸಂಸಾರದ ಗಳಿಕೆಯನ್ನು ಉಳಿಸಬಹುದು.